ಮಧ್ಯಾಹ್ನ ಮೂರರ ಪಾದರಸ

ಅಣ್ಣ ಒಳಗೆ ಬಂದವನೇ ಗೋಡೆಗೆ ಮೊಳೆ ಹೊಡೆದ. ಕೇಳಲಿಲ್ಲ, ಹೇಳಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಥರ್ಮಾಮೀಟರನ್ನು ಅದಕ್ಕೆ ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ.

“ಇವತ್ತಿಗೆ ಇಪ್ಪತ್ತೆಂಟು ಡಿಗ್ರಿ,” ಎಂದ. “ಬಿಸಿಲು ಇನ್ನೂ ಶುರುವೇ ಆಗಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ತೀನಿ, ಮಧ್ಯಾಹ್ನ ಮೂರು ಗಂಟೆಗೆ. ಮೂವತ್ತನಾಲ್ಕು ದಾಟಿರಬಾರದು. ದಾಟಿತ್ತೋ, ಬೀಗ ಹಾಕ್ಕೊಂಡು ನನ್ನ ಜೊತೆ ಹೊರಡಬೇಕು.”

“ದಾಟದೇ ಇದ್ರೆ?”

“ದಾಟುತ್ತೆ.”

ನಲವತ್ತು ವರ್ಷ ಔಷಧಿ ಗೋದಾಮು ಕಾದ ಮನುಷ್ಯ ಅವನು. ಯಾವ ಪೆಟ್ಟಿಗೆ ಎಷ್ಟು ಡಿಗ್ರಿಯಲ್ಲಿರಬೇಕು ಎಂಬುದೊಂದು ಬಿಟ್ಟರೆ ಬೇರೆ ಲೋಕಜ್ಞಾನ ಅಷ್ಟಕ್ಕಷ್ಟೆ. ಜೊತೆಯವರು ಅವನಿಗೆ ‘ಡಿಗ್ರಿ’ ಎಂದೇ ಹೆಸರಿಟ್ಟಿದ್ದರು, ಅದನ್ನವನು ಬಿರುದು ಎಂದುಕೊಂಡಿದ್ದ. ಜ್ವರ ಬಂದವರ ಹಣೆ ಮುಟ್ಟಿ ನೋಡುವ ಪೈಕಿ ಅಲ್ಲ. ಪಾದರಸ ಹೇಳಿದರೆ ಮಾತ್ರ ಅವನಿಗೆ ಅದು ಜ್ವರ. ಈಗ ತಂಗಿಯನ್ನೂ ಗೋದಾಮಿನ ಒಂದು ಪೆಟ್ಟಿಗೆ ಮಾಡಿಕೊಂಡಿದ್ದ.

ತಂಗಿಗೆ ಐವತ್ತೆಂಟು. ಬೀದಿಯವರ ಬಾಯಲ್ಲಿ ಅವಳು ಬೈಂಡಿಂಗಮ್ಮ. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಹಾಸಿಗೆ, ಅಡುಗೆ. ಇನ್ನೊಂದರಲ್ಲಿ ಕೆಲಸದ ಮೇಜು, ರಟ್ಟು ಕತ್ತರಿಸುವ ಕತ್ತಿ, ಪುಸ್ತಕ ಒತ್ತುವ ಎರಕದ ಕಬ್ಬಿಣದ ಪ್ರೆಸ್ಸು. ಆ ಪ್ರೆಸ್ಸನ್ನು ಮೇಲೆ ಹತ್ತಿಸಲು ಆರು ಜನ ಬೇಕಾಗಿತ್ತು, ಇಳಿಸುವವರು ಇನ್ನೂ ಹುಟ್ಟಿಲ್ಲ ಎಂದು ಅವಳು ಹೇಳುತ್ತಿದ್ದಳು. ತಲೆಯ ಮೇಲೆ ಬರೀ ತಾರಸಿ, ತಾರಸಿಯ ಮೇಲೆ ಸೂರ್ಯ.

ಹೋದ ಬೇಸಿಗೆಯಲ್ಲಿ ಅವಳು ಆ ಮೇಜಿನ ಕೆಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಕೆಳಮನೆಯ ಗಡಿಯಾರ ರಿಪೇರಿಯವನು ಸದ್ದು ಕೇಳಿ ಓಡಿ ಬಂದು, ಮುಖಕ್ಕೆ ನೀರು ಚಿಮುಕಿಸಿ, ಅಣ್ಣನಿಗೆ ಸುದ್ದಿ ಮುಟ್ಟಿಸಿದ್ದ. ಅಂದಿನಿಂದ ಅಣ್ಣನದು ಒಂದೇ ಪಟ್ಟು: ಬೇಸಿಗೆ ಮೂರು ತಿಂಗಳು ನಮ್ಮ ಮನೆಯಲ್ಲಿರು. ಮಹಡಿಯ ಕೋಣೆ ಖಾಲಿಯಿದೆ, ಕಿಟಕಿಗೆ ಅತ್ತಿಗೆ ಹೊಸ ಪರದೆ ಹೊಲಿದಿದ್ದಾಳೆ.

ಕೇಳುವವರಿಗೆ ಇದು ಅಕ್ಕರೆಯ ಮಾತು. ಅಕ್ಕರೆಯೇ ಇರಬಹುದು. ಆದರೆ ಶಾಲೆಯವರು ರಿಜಿಸ್ಟರು ಕಟ್ಟಿಸುವುದು, ವಕೀಲರು ವರ್ಷದ ಕಡತಗಳನ್ನು ಹೊಲಿಸುವುದು ಇದೇ ಮೂರು ತಿಂಗಳಲ್ಲಿ. ಮೂರು ತಿಂಗಳು ಬಾಗಿಲು ಹಾಕಿದ ಅಂಗಡಿಯನ್ನು ನಾಲ್ಕನೇ ತಿಂಗಳು ಯಾರೂ ತಟ್ಟುವುದಿಲ್ಲ. ಆಮೇಲೆ ‘ಇನ್ನು ಅಲ್ಲಿಗೇಕೆ ವಾಪಸ್ಸು, ಇಲ್ಲೇ ಇದ್ದುಬಿಡು’ ಎಂಬ ಮಾತು ಬರುತ್ತದೆ. ತನ್ನ ಕೈಯ ಕೆಲಸ ಹೋಗಿ, ಇನ್ನೊಬ್ಬರ ಮನೆಯ ಪರದೆ ಹಿಂದೆ ಕೂತು ಬೀದಿ ನೋಡುವ ಮುದುಕಿಯಾಗುವುದು ಬೈಂಡಿಂಗಮ್ಮನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅವಳಿಗೆ ಭಯವಾಗಿತ್ತು. ಭಯವಾದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಕೈ ಸುಮ್ಮನಿರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಒಂದು ಡಬ್ಬ ಸುಣ್ಣ ಕಲಸಿಕೊಂಡು ತಾರಸಿ ಹತ್ತಿದಳು. ಬಿಳಿ ತಾರಸಿಗೆ ಬಿಸಿಲು ಅಂಟುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಸುಣ್ಣವೇ ತಾರಸಿಗೆ ಅಂಟಲಿಲ್ಲ. ಒಣಗಿದ ಮೇಲೆ ಕಾಲಿಟ್ಟರೆ ಹಪ್ಪಳದ ಹಾಗೆ ಎದ್ದು ಬಂತು. ಅರ್ಧ ದಿನದ ಬೆವರು ಪೊರಕೆಗೆ ಹೋಯಿತು. ಅವಳು ಸೊಂಟದ ಮೇಲೆ ಕೈಯಿಟ್ಟು ಸುಣ್ಣಕ್ಕೆ ಸರಿಯಾಗಿ ಬೈದಳು. ಬೈಯುತ್ತ ಬೈಯುತ್ತಲೇ ಹೊಳೆಯಿತು: ಅಂಟಿಸುವುದೇ ಕಸುಬಾದವಳು ಅಂಟಲಿಲ್ಲವೆಂದು ಅಳುವುದೇ? ಕೆಳಗಿಳಿದು, ಪುಸ್ತಕದ ಬೆನ್ನಿಗೆ ಹಚ್ಚುವ ಸರೇಸಿನ ಅಂಟನ್ನು ಕರಗಿಸಿ, ಬಿಸಿಯಾಗಿರುವಾಗಲೇ ಸುಣ್ಣಕ್ಕೆ ಸುರಿದಳು. ಹಾಗೆ ಮೂರು ಸಲ ಬಳಿದಳು, ಮೂರು ಬೆಳಿಗ್ಗೆ.

ಗಡಿಯಾರದವನು ಮೆಟ್ಟಿಲ ತುದಿಯಿಂದ ತಲೆ ಹಾಕಿದ. “ಏನಮ್ಮಾ, ತಾರಸಿಗೂ ಬೈಂಡಿಂಗ್ ಮಾಡ್ತಿದ್ದೀರಾ?”

“ಹೌದು. ನಿಮ್ಮ ತಲೆಗೂ ಬೇಕಿದ್ರೆ ಹೇಳಿ, ರಟ್ಟು ಮಿಕ್ಕಿದೆ.”

ಅವನ ಬೋಳುತಲೆ ನಗುತ್ತಲೇ ಕೆಳಗಿಳಿಯಿತು.

ಮುಂದಿನದು ಪಡುವಣ ಗೋಡೆ. ಮಧ್ಯಾಹ್ನ ಎರಡರಿಂದ ಬಿಸಿಲು ಆ ಗೋಡೆಗೆ ಒರಗಿ ನಿಲ್ಲುತ್ತಿತ್ತು. ಸಂಜೆಯ ಹೊತ್ತಿಗೆ ಕೈಯಿಟ್ಟರೆ ಚುರುಕ್ಕೆನ್ನುತ್ತಿತ್ತು. ಹಾಸಿಗೆಯ ಕೋಣೆಯಲ್ಲಿ ಮೂವತ್ತು ವರ್ಷದ ಅನಾಥ ಪುಸ್ತಕಗಳಿದ್ದವು: ಕಟ್ಟಿಸಲು ಕೊಟ್ಟು ವಾಪಸ್ಸು ಒಯ್ಯಲು ಬಾರದವರದು. ಯಾವನೋ ಪ್ರಾಧ್ಯಾಪಕ ಇರುವೆಗಳ ಬಗ್ಗೆ ಬರೆದ ಏಳುನೂರು ಪುಟ, ಮುಚ್ಚಿಹೋದ ಪತ್ರಿಕೆಯೊಂದರ ಹನ್ನೆರಡು ವರ್ಷದ ಸಂಚಿಕೆ, ಯಾರದೋ ತಾತ ಬರೆದುಕೊಂಡ ಹವಾಮಾನದ ದಿನಚರಿ. ಅಣ್ಣ ಬಂದಾಗಲೆಲ್ಲ ಮೂಗು ಮುರಿದು “ಈ ಕಸ ಹೊರಗೆ ಹಾಕು” ಎನ್ನುತ್ತಿದ್ದ. ಅವಳು ಹಾಕಿರಲಿಲ್ಲ. ತನ್ನ ಕೈಯಿಂದ ಹೊಲಿದದ್ದನ್ನು ಬೀದಿಗೆ ಎಸೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಈಗ ಅವನ್ನೆಲ್ಲ ಹೊತ್ತು ತಂದು, ಕೆಲಸದ ಕೋಣೆಯ ಪಡುವಣ ಗೋಡೆಗೆ ಇಟ್ಟಿಗೆ ಕಟ್ಟುವ ಹಾಗೆ ಎರಡು ಸಾಲಾಗಿ, ಕಿಟಕಿಯಷ್ಟು ಜಾಗ ಬಿಟ್ಟು, ನೆಲದಿಂದ ಸೂರಿನವರೆಗೆ ಪೇರಿಸಿದಳು. ಆ ಗೋಡೆಯ ಕಿಟಕಿಗೆ ಮಿಕ್ಕ ರಟ್ಟನ್ನು ಕತ್ತರಿಸಿ, ಬಿಳಿ ಕಾಗದ ಅಂಟಿಸಿ, ಚೌಕಟ್ಟಿಗೆ ಅಚ್ಚುಕಟ್ಟಾಗಿ ಕೂರಿಸಿದಳು. ಬೆಳಿಗ್ಗೆ ಎಂಟಕ್ಕೆ ಎಲ್ಲ ಕಿಟಕಿ ಮುಚ್ಚಬೇಕು, ಹೊತ್ತು ಮುಳುಗಿದ ಮೇಲೇ ತೆರೆಯಬೇಕು. ಇದು ಮನೆಯ ಕಾನೂನಾಯಿತು.

ಇಷ್ಟಾದರೂ ಒಂದು ಮಾತು ಅವಳನ್ನು ಒಳಗೊಳಗೇ ಚುಚ್ಚುತ್ತಿತ್ತು. ಹೋದ ವರ್ಷ ತಾನೇಕೆ ಬಿದ್ದೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಂದು ಶಾಲೆಯ ಅರವತ್ತು ರಿಜಿಸ್ಟರಿನ ಅವಸರದಲ್ಲಿ, ನಡುಮಧ್ಯಾಹ್ನ, ಮೇಜಿನ ಪಕ್ಕದಲ್ಲೇ ಸೀಮೆಎಣ್ಣೆ ಸ್ಟವ್ ಹಚ್ಚಿ ಸರೇಸು ಕಾಯಿಸುತ್ತ ಕೂತಿದ್ದಳು. ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಹೇಳಿದರೆ ಅಣ್ಣ ಕೆಲಸಕ್ಕೇ ಕಲ್ಲು ಹಾಕುತ್ತಾನೆಂದು ತುಟಿ ಹೊಲಿದುಕೊಂಡಿದ್ದಳು. ಈ ವರ್ಷ ಸ್ಟವ್ ಮೆಟ್ಟಿಲಿನ ಕಟ್ಟೆಗೆ ಹೋಯಿತು. ಅಂಟಿನ ಕೆಲಸವೆಲ್ಲ ಬೆಳಗಿನ ಎಂಟರೊಳಗೆ, ಮಧ್ಯಾಹ್ನಕ್ಕೆ ಬರೀ ಹೊಲಿಗೆ. ಮೇಜಿನ ಮೇಲೆ ನೀರಿನ ಹೂಜಿ ಬಂದು ಕೂತಿತು.

ನಡುವೆ ಒಂದು ಮಧ್ಯಾಹ್ನ ಅತ್ತಿಗೆ ಬಂದಳು. ಅವಳು ಕಡಿಮೆ ಮಾತಿನವಳು. ಗಂಡನ ಮುಂದೆ ಅದೂ ಇಲ್ಲ. ಪುಸ್ತಕದ ಗೋಡೆಯ ಪಕ್ಕ ಕುರ್ಚಿ ಎಳೆದುಕೊಂಡು, ತಲೆ ಒರಗಿಸಿ, ಅರ್ಧ ಗಂಟೆ ಕಣ್ಣು ಮುಚ್ಚಿ ಕೂತಳು. ಎದ್ದು ಹೋಗುವಾಗ “ತಣ್ಣಗಿದೆ” ಎಂದಳು, ಅಷ್ಟೆ. ಅಣ್ಣ ಪತ್ತೇದಾರಿಕೆಗೆ ಕಳಿಸಿದ್ದಾನೆ ಎಂದುಕೊಂಡ ಬೈಂಡಿಂಗಮ್ಮ ಅವಳಿಗೆ ನೀರು ಕೂಡ ಸರಿಯಾದ ಮುಖದಲ್ಲಿ ಕೊಟ್ಟಿರಲಿಲ್ಲ.

ತಿಂಗಳು ತುಂಬಿದ ದಿನ ಬೀದಿಯ ಡಾಂಬರು ಚಪ್ಪಲಿಗೆ ಹತ್ತುತ್ತಿತ್ತು. ಎರಡೂವರೆಗೆ ಅಣ್ಣ ಬಂದ, ಹಿಂದೆ ಅತ್ತಿಗೆ, ಅವಳ ಹಿಂದೆ ಯಾರೂ ಕರೆಯದೆಯೇ ಗಡಿಯಾರದವನು. ಅಣ್ಣ ಬಂದವನೇ “ಅಬ್ಬಾ, ಉಸಿರು ಕಟ್ಟುತ್ತೆ” ಎನ್ನುತ್ತ ರಟ್ಟು ಕಿತ್ತು ಪಡುವಣ ಕಿಟಕಿ ತೆರೆದ. ಒಲೆಯ ಬಾಯಿಂದ ಬಂದಂಥ ಗಾಳಿ ಒಳಗೆ ನುಗ್ಗಿತು.

“ಮುಚ್ಚೋ!” ಅವಳು ಕಿರುಚಿದಳು. ಹತ್ತನೇ ವಯಸ್ಸಿನ ನಂತರ ಅಣ್ಣನನ್ನು ಏಕವಚನದಲ್ಲಿ ಗದರಿದ್ದು ಅದೇ ಮೊದಲು. ಅವನು ತಬ್ಬಿಬ್ಬಾಗಿ ಮುಚ್ಚಿದ.

ಮೂರು ಹೊಡೆಯಿತು. ಅಣ್ಣ ಕನ್ನಡಕ ಒರೆಸಿಕೊಂಡು ಥರ್ಮಾಮೀಟರಿನ ಮುಂದೆ ನಿಂತ.

“ಮೂವತ್ತೈದು,” ಎಂದ.

ಒಂದೇ ಒಂದು ಡಿಗ್ರಿ. ಗಡಿಯಾರದವನು ತನ್ನ ಗಡಿಯಾರ ನೋಡಿಕೊಂಡ, ತಪ್ಪು ಅಲ್ಲೆಲ್ಲಾದರೂ ಇದ್ದೀತೇ ಎಂಬಂತೆ.

“ನೀವು ಕಿಟಕಿ ತೆಗೆದ್ರಲ್ಲ ಸಾರ್,” ಎಂದ ಮೆಲ್ಲಗೆ.

“ಮಾತು ಮಾತೇ,” ಎಂದ ಅಣ್ಣ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅದೇ ಅವಳಿಗೆ ಇನ್ನೂ ಕಷ್ಟವಾಯಿತು. “ಹೋದ ವರ್ಷ ನೀನು ಅಲ್ಲಿ ಬಿದ್ದಿದ್ದೆ. ನಾನು ಬರೋವರೆಗೆ ಬದುಕಿದ್ದೀಯೋ ಇಲ್ವೋ ಗೊತ್ತಿರಲಿಲ್ಲ ನಂಗೆ. ಬಟ್ಟೆ ತುಂಬ್ಕೋ.”

“ಹೋದ ವರ್ಷ ಬೀಳಿಸಿದ್ದು ಮನೆ ಅಲ್ಲ,” ಎಂದಳು. ಒಂದು ವರ್ಷದ ಹೊಲಿಗೆ ಬಿಚ್ಚಿತು. “ನನ್ನ ದಡ್ಡತನ. ಮಧ್ಯಾಹ್ನ ಸ್ಟವ್ ಹಚ್ಕೊಂಡು ಪಕ್ಕದಲ್ಲೇ ಕೂತಿದ್ದೆ, ನೀರು ಕುಡಿದಿರಲಿಲ್ಲ. ನಿಂಗೆ ಹೇಳೋಕೆ ಹೆದರಿದ್ದೆ. ಈಗ ಹೆದರಿಕೆ ಇಲ್ಲ. ಸ್ಟವ್ ಹೊರಗಿದೆ, ನೋಡು. ನಾನು ಬರಲ್ಲ.”

“ಪಾದರಸ ಏನು ಹೇಳ್ತು ಕೇಳಿದ್ಯಲ್ಲ.”

“ಕೇಳ್ದೆ. ನನ್ನ ಮನೆ ಬಗ್ಗೆ ಹೇಳ್ತು. ನಿನ್ನ ಮನೆ ಬಗ್ಗೆ ಏನು ಹೇಳುತ್ತೆ?”

ಅವಳು ಥರ್ಮಾಮೀಟರನ್ನು ಮೊಳೆಯಿಂದ ಇಳಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಎರಡು ಬೀದಿಯಾಚೆಯ ಅಣ್ಣನ ಮನೆಗೆ ಆ ಸುಡುಬಿಸಿಲಲ್ಲಿ ಅವಳು ಮುಂದೆ, ಅವರೆಲ್ಲ ಹಿಂದೆ.

ಮಹಡಿಯ ಕೋಣೆ ಅವಳಿಗಾಗಿ ಸಿಂಗಾರವಾಗಿತ್ತು. ಮಂಚಕ್ಕೆ ಒಗೆದ ಹೊದಿಕೆ, ದಿಂಬಿನ ಮೇಲೆ ಮಡಚಿಟ್ಟ ಟವೆಲು. ನಾಲ್ಕೂ ಕಿಟಕಿ ಹಾರುಹೊಡೆದಿದ್ದವು. ಗಾಳಿ ಆಡಲಿ ಎಂದು ಅಣ್ಣನೇ ಬೆಳಿಗ್ಗೆ ತೆರೆದಿಟ್ಟಿದ್ದ. ಹೊಸ ಪರದೆಗಳು ಅಲುಗಾಡುತ್ತಿರಲಿಲ್ಲ. ಅವಳು ಕನ್ನಡಿ ತೆಗೆದು ಅದರ ಮೊಳೆಗೆ ಥರ್ಮಾಮೀಟರು ಹಾಕಿದಳು.

“ಕಾಲು ಗಂಟೆ ಬಿಡಬೇಕು,” ಎಂದ ಅಣ್ಣ ತಾನಾಗಿಯೇ. “ಸುಳ್ಳು ಅಳತೆ ಬರಬಾರದು.”

ಕಾಲು ಗಂಟೆ ನಾಲ್ವರೂ ಗೋಡೆಗೆ ಬೆನ್ನು ತಾಗಿಸದೆ ನಿಂತರು, ತಾಗಿಸಿದರೆ ಸುಡುತ್ತಿತ್ತು. ಅಣ್ಣನ ಅಂಗಿ ಬೆನ್ನಿಗೆ ಅಂಟಿತು. ನಂತರ ಅವನು ಮುಂದೆ ಬಾಗಿ ನೋಡಿದ. ಇನ್ನೊಬ್ಬನಾಗಿದ್ದರೆ ಕನ್ನಡಕದ ನೆಪ ಹೇಳುತ್ತಿದ್ದ. ಅಣ್ಣನಿಗೆ ಬೇರೆ ಏನು ಬಂದರೂ ಪಾದರಸದ ಮುಂದೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಮೂವತ್ತೊಂಬತ್ತು,” ಎಂದ. ಅವನ ಮುಖ ಹುಳ್ಳಗಾಗಿತ್ತು.

ಬೈಂಡಿಂಗಮ್ಮ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಇನ್ನೊಂದು ದನಿ ಬಂತು.

“ಎಂಟು ವರ್ಷದಿಂದ ಹೇಳ್ತಿದ್ದೀನಿ.” ಅತ್ತಿಗೆ ಹೊಸ್ತಿಲ ಮೇಲೆ ನಿಂತಿದ್ದಳು. “ಕೆಳಗೆ ನಿಮ್ಮ ರೇಡಿಯೋ, ಮೇಲೆ ಈ ಬಾಣಲೆ. ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗೋಕೆ ಜಾಗ ಇಲ್ಲ ಅಂತ ಎಂಟು ಬೇಸಿಗೆ ಹೇಳ್ದೆ. ನಂಗೊಂದು ದಿನ ಥರ್ಮಾಮೀಟರ್ ತಂದು ನೇತುಹಾಕಿದ್ರಾ?”

ಉತ್ತರಕ್ಕೆ ಅವಳು ಕಾಯಲಿಲ್ಲ. ನಾದಿನಿಗಾಗಿ ಹಾಸಿದ್ದ ಮಂಚದಿಂದ ದಿಂಬನ್ನೂ ಟವೆಲನ್ನೂ ಎತ್ತಿ ಕಂಕುಳಲ್ಲಿ ಇರುಕಿಕೊಂಡಳು.

ಅಂದು ನೀರು ಕೊಡುವಾಗ ತಾನು ಗಂಟು ಹಾಕಿಕೊಂಡಿದ್ದ ಮುಖ ಬೈಂಡಿಂಗಮ್ಮನಿಗೆ ನೆನಪಾಯಿತು. ನಾಚಿಕೆಯಾಯಿತು. ಮೊಳೆಯಿಂದ ಥರ್ಮಾಮೀಟರು ಬಿಡಿಸಿ ಅಣ್ಣನ ಜೇಬಿಗೆ ಅವಳೇ ತುರುಕಿದಳು.

“ನೋಡಿ ಅತ್ತಿಗೆ, ನನ್ನ ಮನೇಲಿ ಹೊತ್ತು ಮುಳುಗೋವರೆಗೆ ಕಿಟಕಿ ಮುಟ್ಟೋ ಹಾಗಿಲ್ಲ.”

“ಮುಟ್ಟಲ್ಲ.”

“ಸೂಜಿಗೆ ದಾರ ಪೋಣಿಸಿಕೊಡಬೇಕಾಗುತ್ತೆ. ನನ್ನ ಕಣ್ಣು ಮಂಜು.”

“ಪೋಣಿಸ್ತೀನಿ. ಬೇಗ ನಡಿ, ಕಾಲು ಸುಡ್ತಿದೆ.”

ಇಬ್ಬರೂ ಮೆಟ್ಟಿಲಿಳಿದರು. ಗಡಿಯಾರದವನು ಕೆಮ್ಮಿ, ಕೆಲಸ ನೆನಪಾದವನಂತೆ ಹಿಂದೆಯೇ ಹೊರಟ. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಮಹಡಿಯಿಂದ ಅಣ್ಣನ ಕೂಗು ಕೇಳಿಸಿತು. ಅವನು ಕಿಟಕಿಯಿಂದ ಅರ್ಧ ಮೈ ಹೊರಹಾಕಿದ್ದ.

“ಏ, ಒಂದು ಡಬ್ಬ ಸುಣ್ಣಕ್ಕೆ ಎಷ್ಟು ಸರೇಸು?”

“ಮೊದಲು ಕಿಟಕಿ ಮುಚ್ಚು!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.