ಮಾಂತುವಿನ ಉಬ್ಬಿದ ಫೋನು

ಪುಣೆಯ ಧನಕವಡಿಯಲ್ಲಿ ಮಾಂತು ಎಂಬ ಗುಮಾಸ್ತ ತಾಯಿ ಬಸವಣ್ಣೆವ್ವನ ಜೊತೆ ಇದ್ದ. ಹೆಂಡತಿ ಸ್ನೇಹಲ್ ಚೊಚ್ಚಲ ಹೆರಿಗೆಗೆಂದು ವಿಜಯಪುರದ ತವರಿಗೆ ಹೋಗಿದ್ದಳು. ಆ ಭಾನುವಾರ ಬೆಳಿಗ್ಗೆ ಮಾವ ನಿಜಲಿಂಗಪ್ಪನ ಫೋನು ಬಂತು.

"ಸ್ನೇಹಲ್‌ಗ ನೋವು ಸುರು ಆಗ್ಯಾವ್ರಿ. ದವಾಖಾನಿಗೆ ಕರಕೊಂಡು ಹೊಂಟೀವಿ. ಡಾಕ್ಟರ್ ಏನಂತಾರಂದ್ರ..."

ಅಷ್ಟರಲ್ಲಿ ಮಾಂತುವಿನ ಫೋನು ಆರಿಹೋಯಿತು. ಚಾರ್ಜಿಗೆ ಹಾಕಿದರೆ ಕೆಂಡದಂತೆ ಬಿಸಿಯಾಗುತ್ತಿತ್ತು, ಒಮ್ಮೆ ಬೆಳಗಿ ಮತ್ತೆ ಆರುತ್ತಿತ್ತು. ಮಾವನ ನಂಬರು ಬಾಯಿಪಾಠ ಇರಲಿಲ್ಲ. ಅವ್ವನ ಹತ್ತಿರ ಫೋನೇ ಇಲ್ಲ. ಮಾಂತು ಒಳಗೆ ಹೊರಗೆ ತಿರುಗಾಡಿದ. ಫೋನಿನ ಹಿಂಬದಿ ಉಬ್ಬಿ, ಅಂಚು ಬಾಯಿ ಬಿಟ್ಟಿತ್ತು. ಉಬ್ಬಲು ಶುರುವಾಗಿ ಭಾಳ ದಿನವಾಗಿತ್ತು. ಅವನೇ ಲಕ್ಷ್ಯ ಕೊಟ್ಟಿರಲಿಲ್ಲ.

ಚಾರ್ಜು ಬೇಗ ಇಳಿಯುತ್ತದೆಂದು ಹೊಸ ಬ್ಯಾಟರಿಯೊಂದನ್ನು ಅವನು ಮೊದಲೇ ತರಿಸಿಟ್ಟಿದ್ದ. ಫೋನು ಬಿಚ್ಚುವ ವಿಡಿಯೊ ಕೂಡ ನೋಡಿದ್ದ. ಅಡುಗೆಮನೆಯಿಂದ ಚಾಕು ತಂದು ನೆಲದ ಮೇಲೆ ಕುಳಿತ. ಪಕ್ಕದಲ್ಲೇ ಬಸವಣ್ಣೆವ್ವ ಹುಟ್ಟುವ ಕೂಸಿಗೆಂದು ಹೊಲಿಯುತ್ತಿದ್ದ ಕೌದಿ ಹರಡಿತ್ತು. ಮಗ ಚಾಕು ಹಿಡಿದು ಕುಳಿತದ್ದನ್ನು ಕಂಡ ಬಸವಣ್ಣೆವ್ವ ಎದುರುಮನೆಯ ಶಿವಕಾಂತಾಳನ್ನು ಕರೆದು ತಂದಳು. ಶಿವಕಾಂತಾ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು.

"ಮಾಂತು, ಚಾಕು ಕೆಳಗಿಡಪಾ. ಬ್ಯಾಟರಿ ಉಬ್ಬೇದ, ಒಳಗ ಗ್ಯಾಸ್ ತುಂಬೇದ. ಚೂರು ಹರೀತಂದ್ರ ಬೆಂಕಿ ಹತ್ತತದ."

"ಅಕ್ಕಾರ, ವಿಡಿಯೊದಾಗ ಎಲ್ಲಾರೂ ಬಿಚ್ಚತಾರಲ್ರಿ?"

"ಅವರು ಫೋನ್ ಆಫ್ ಮಾಡಿ, ಅಂಟು ಬಿಡಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಸ್ತಾರ. ಉಬ್ಬಿದ್ದನ್ನ ಕಲಿತವರೂ ಹೆದರಿ ಹೆದರಿ ಮುಟ್ಟತಾರ. ಅಂಗಡಿಗೆ ಒಯ್ಯಿ."

"ಅಂಗಡ್ಯಾವ ಫೋಟೊ ಎಲ್ಲಾ ಕದ್ದರ? ಮತ್ತ ಅಲ್ಲಿ ಸಂಜಿತನಕಾ ಕೂಡಸ್ತಾನ. ನನಗ ಈಗ ಫೋನ್ ಬೇಕ್ರಿ!"

"ನಿನಗ ಬೇಕಾಗಿದ್ದು ಫೋನಲ್ಲ, ಸುದ್ದಿ. ಮೊದಲ ಅದನ್ನ ಆಫ್ ಮಾಡು. ಸಿಮ್ ತಗದು ಕೊಡು, ನನ್ನ ಫೋನಿಗೆ ಹಾಕತೀನಿ. ಅವರು ಫೋನ್ ಹಚ್ಚಿದ್ರ ಇದಕ್ಕ ಬರತದ."

ಬಸವಣ್ಣೆವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ಕೊಟ್ಟಳು. ಸಿಮ್ ಹೊರಗೆ ಬಂತು. ಶಿವಕಾಂತಾ ಅದನ್ನು ತನ್ನ ಫೋನಿಗೆ ಹಾಕಲು ಬೆಳಕಿನತ್ತ ತಿರುಗಿದಳು.

ಮಾಂತುವಿಗೆ ಅಷ್ಟು ಹೊತ್ತೂ ತಡೆಯಲಾಗಲಿಲ್ಲ. ಬಾಯಿಬಿಟ್ಟ ಅಂಚಿನಲ್ಲಿ ಚಾಕು ತೂರಿಸಿ ಒತ್ತಿದ.

'ಸುರ್' ಎಂದು ಸದ್ದಾಯಿತು. ಮೂಗು ಸುಡುವ ಹೊಗೆ ಬುಸ್ಸೆಂದು ಎದ್ದಿತು, ಹಿಂದೆಯೇ ಬೆಂಕಿ. ಮಾಂತು ಚೀರಿ ಫೋನು ಬಿಟ್ಟ. ಅದು ಕೌದಿಯ ಅಂಚಿಗೆ ಬಿದ್ದು ಬಟ್ಟೆ ಹೊತ್ತಿಕೊಂಡಿತು.

"ಕಾಕು, ಹೊರಗ ನಡೀರಿ! ಹೊಗಿ ಕುಡೀಬ್ಯಾಡ್ರಿ!" ಶಿವಕಾಂತಾ ಬಸವಣ್ಣೆವ್ವನನ್ನು ಹೊರಗೆ ದೂಡಿ, ಕೌದಿಯನ್ನು ಎಳೆದು ಬಚ್ಚಲಿಗೆ ಎಸೆದು ನೀರು ಸುರಿದಳು. ಬರಿಯ ಫರಸಿ ಕಲ್ಲಿನ ನೆಲದ ಮೇಲೆ ಫೋನು ಬುಸುಗುಟ್ಟಿ ಉರಿಯುತ್ತಿತ್ತು. ದೂರದಿಂದಲೇ ಅದರ ಮೇಲೂ ಒಂದು ಬಕೆಟ್ ನೀರು ಚೆಲ್ಲಿ, ಮಾಂತುವಿನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಅವನ ಬಲ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಶಿವಕಾಂತಾ ತನ್ನ ಮನೆಯ ನಲ್ಲಿಯ ಕೆಳಗೆ ಅದನ್ನು ಹಿಡಿಸಿದಳು. ತಣ್ಣೀರು ಬೀಳುತ್ತಲೇ ಇತ್ತು. ಅವನು ಮಾತ್ರ ಕೈ ನೋಡದೆ, ತನ್ನ ಸಿಮ್ ಹಾಕಿದ್ದ ಅವಳ ಫೋನನ್ನೇ ನೋಡುತ್ತಿದ್ದ.

"ಸುದ್ದಿ ಯಾಕ ಬರವಲ್ಲದು ಅಕ್ಕಾರ? ಏನರ ಆಗಿದ್ರ?"

ಬಸವಣ್ಣೆವ್ವ ಬಾಗಿಲಿಗೆ ಹೋಗುವಳು, ಬರುವಳು, ಮತ್ತೆ ಹೋಗುವಳು.

ಕೊನೆಗೂ ಫೋನು ರಿಂಗಾಯಿತು. ನಿಜಲಿಂಗಪ್ಪನ ದನಿ. "ಅಳಿಯಾರ, ಎಷ್ಟ ಸಲ ಹಚ್ಚಿದ್ರೂ ಹತ್ತಲಿಲ್ಲಲ್ರಿ! ಹೆಣ್ಣು ಆಗೇದ. ತಾಯಿ, ಕೂಸು ಇಬ್ಬರೂ ಆರಾಮ ಅದಾರ."

ಮಾಂತು ನಲ್ಲಿಯ ಹತ್ತಿರವೇ ಕುಳಿತು ಅತ್ತುಬಿಟ್ಟ.

ವಿಜಯಪುರಕ್ಕೆ ಹೋದಾಗ ಅವನಿಗೆ ಮಗಳನ್ನು ಎತ್ತಿಕೊಳ್ಳಲಾಗಲಿಲ್ಲ. ಕೈಗೆ ಪಟ್ಟಿ ಕಟ್ಟಿತ್ತು. ಸ್ನೇಹಲ್ ಕೂಸನ್ನು ಅವನ ತೊಡೆಯ ಮೇಲೆ ಇಟ್ಟು, ಬಿಡದೆ ಹಿಡಿದುಕೊಂಡೇ ಇದ್ದಳು. ಮದುವೆಯ ಫೋಟೊಗಳೆಲ್ಲ ಆ ಫೋನಿನಲ್ಲೇ ಸುಟ್ಟುಹೋಗಿದ್ದವು. "ಬೇರೆ ಕಡೆ ಉಳಿಸಿಡ್ರಿ ಅಂತ ಎಷ್ಟ ಸಲ ಹೇಳಿದ್ದೆ," ಎಂದಳು.

ಮಾಂತು ಮರಳಿ ಪುಣೆಗೆ ಬಂದ ಮೇಲೆ ಒಂದು ದಿನ, ಆಫೀಸಿನಲ್ಲಿ ಗೆಳೆಯ ಶ್ಯಾಮ ತನ್ನ ಉಬ್ಬಿದ ಫೋನನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕುಳಿತಿದ್ದ. ಮಾಂತು ಎದ್ದು ಬಂದ.

"ಒತ್ತಬ್ಯಾಡೋ! ಆಫ್ ಮಾಡು, ನಡಿ ನನ್ನ ಜೋಡಿ."

ಇಬ್ಬರೂ ಸರ್ವಿಸ್ ಸೆಂಟರಿಗೆ ಹೋದರು. ಶ್ಯಾಮ ಎದುರಿಗೇ ಕುಳಿತ. ಅವನ ಕಣ್ಣ ಮುಂದೆಯೇ ಫೋನು ಬಿಚ್ಚಿ, ಹೊಸ ಬ್ಯಾಟರಿ ಕೂರಿಸಿದರು. ಫೋಟೊ ಯಾರೂ ಮುಟ್ಟಲಿಲ್ಲ. ಹಳೆಯದನ್ನು ಇ-ಕಸದ ಡಬ್ಬಿಗೆ ಅವರೇ ಹಾಕಿಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಕೇಳುತ್ತಿರುವಾಗಲೇ ನಿಮ್ಮ ಫೋನಿನ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಉಬ್ಬಿದೆಯೇ? ಅಂಚು ಬಿಟ್ಟಿದೆಯೇ? ಹಾಗಿದ್ದರೆ ಕೂಡಲೇ ಆಫ್ ಮಾಡಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬಟ್ಟೆ, ಹಾಸಿಗೆ, ಮಕ್ಕಳಿಂದ ದೂರ ಇಟ್ಟು, ಕಲಿತವರ ಕೈಗೆ ಕೊಡಿ. ಹಳೆಯ ಬ್ಯಾಟರಿಯನ್ನು ಮನೆಯ ಕಸದಲ್ಲಿ ಎಸೆಯಬೇಡಿ. ಮನೆಯವರ ಒಂದೆರಡು ನಂಬರು ಬಾಯಿಪಾಠ ಮಾಡಿಕೊಳ್ಳಿ. ಅವಸರ ಎಷ್ಟೇ ಇರಲಿ, ಚಾಕು ಮಾತ್ರ ಅಡುಗೆಮನೆಯಲ್ಲೇ ಇರಲಿ.