ಬ್ಯಾಟರಿ ತಲೆಗೆ ಅರಿಸಿನ ಕುಂಕುಮ

ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಲಕ್ಕಯ್ಯನಿಗೆ ಹುಟ್ಟು ಹಾಕಿ ಹಾಕಿ ಬಲಭುಜವೇ ಬಿದ್ದುಹೋಗಿತ್ತು. ಈ ಮನುಷ್ಯ ದೋಣಿ ಬಿಟ್ಟರೆ ನಗುವುದನ್ನೂ ಬಿಡುತ್ತಾನೆ ಅಂತ ಹೆಂಡತಿ ಅನಸೂಯಮ್ಮನಿಗೆ ಹೆದರಿಕೆ. ಹಟ ಹಿಡಿದು ದೋಣಿಗೆ ಬ್ಯಾಟರಿ ಮೋಟರು ಹಾಕಿಸಿದಳು.

ಮೂರು ವಾರ ದೋಣಿ ಜುಮ್ಮಂತ ಓಡಿತು. ನಾಲ್ಕನೇ ವಾರ, ಮಳೆಗಾಲದಲ್ಲಿ ಹಿನ್ನೀರಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಹತ್ತಿರ ನಿಂತೇಬಿಟ್ಟಿತು. ಮೋಟರಿದೆಯಲ್ಲ ಅಂತ ಹುಟ್ಟನ್ನು ಮನೆಯಲ್ಲೇ ಬಿಟ್ಟಿದ್ದ ಮಹಾರಾಯ, ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ತಳ್ಳುತ್ತಾ ದಡ ಸೇರಿದ. ಚರ್ಚು ನೋಡಲು ಬಂದವರೆಲ್ಲ ಇವನ ಫೋಟೊ ತೆಗೆದುಕೊಂಡರು.

"ಈ ಬ್ಯಾಟರಿ ಡಬ್ಬಾನ ವಾಪಸ್ ಕೊಟ್ಬುಡು! ಅಷ್ಟೊತ್ತು ಚಾರ್ಜಿಗೆ ಆಕಿದ್ದೆ, ಅರ್ಧ ದಾರೀಲೇ ಸತ್ತೋಯ್ತು. ನಂಗೆ ದೋಣೀನೂ ಬ್ಯಾಡ, ಏನೂ ಬ್ಯಾಡ" ಅಂತ ಲಕ್ಕಯ್ಯ ಭುಜ ಹಿಡಿದು ಕೂತ.

ಪಕ್ಕದ ಮನೆಯ ಸೊಸೆ ರೂಪಶ್ರೀ ಬ್ಯಾಟರಿ ರಿಪೇರಿಯ ತರಬೇತಿ ಪಡೆದವಳು. ಅನಸೂಯಮ್ಮ ಓಡಿಹೋಗಿ ಅವಳನ್ನು ಕರೆತಂದಳು.

ರೂಪಶ್ರೀ ಒಲೆಯ ಪಕ್ಕ ಇಟ್ಟಿದ್ದ ಬ್ಯಾಟರಿಯನ್ನು ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. "ಅನಸೂಯಕ್ಕ, ಇದ್ಯೇನಿದು ಬ್ಯಾಟರಿ ತಲೆ ಮ್ಯಾಲೆ?"

ತಂತಿ ಸಿಗಿಸುವ ಎರಡು ಗುಬುಟುಗಳಿಗೂ ಅರಿಸಿನ ಕುಂಕುಮ ದಪ್ಪಗೆ ಮೆತ್ತಿತ್ತು. ಪ್ರತಿ ಶುಕ್ರವಾರ ತಂತಿ ಬಿಚ್ಚಿ ಅನಸೂಯಮ್ಮನೇ ಹಚ್ಚಿದ್ದು. ಹಳೆಯದನ್ನು ಒಮ್ಮೆಯೂ ಒರೆಸಿರಲಿಲ್ಲ.

"ನಮ್ಮೆಜಮಾನ್ರ ಭುಜ ಉಳಿಸಿದ ದೇವ್ರು ಕಣವ್ವ ಅದು. ಪೂಜೆ ಮಾಡ್ಬಾರ್ದಾ?"

"ಮಾಡಕ್ಕ, ಯಾರ್ ಬ್ಯಾಡ ಅಂದ್ರು? ಡಬ್ಬದ ಪಕ್ಕಕ್ಕೆ ಒಂದು ಬೊಟ್ಟಿಡು. ಗುಬುಟಿಗೆ ಮೆತ್ತಿದ್ರೆ ಕರೆಂಟು ಒಳಕ್ಕೂ ಓಗಲ್ಲ, ಆಚ್ಗೂ ಬರಲ್ಲ. ಇನ್ನು ಚಾರ್ಜು ತುಂಬೋದೆಂಗೆ?"

"ಅಂಗಾರೆ ಡಬ್ಬಾನ ಬೈದಿದ್ದು ತಪ್ಪು, ನಿನ್ನ ಬೈಬೇಕಾಗಿತ್ತು" ಅಂತ ಲಕ್ಕಯ್ಯ ಹೆಂಡತಿಯ ಕಡೆ ತಿರುಗಿದ.

"ಮುಚ್ಚಳದಲ್ಲಿ ದೋಣಿ ಓಡಿಸ್ದೋರು ಮಾತಾಡ್ಬಾರ್ದು!" ಅಂದಳು ಅನಸೂಯಮ್ಮ.

ರೂಪಶ್ರೀ ತಂತಿ ಬಿಚ್ಚಿ, ಒಣಬಟ್ಟೆಯಲ್ಲಿ ಗುಬುಟು ಒರೆಸಿ, ಬ್ಯಾಟರಿಯನ್ನು ಒಲೆಯ ಪಕ್ಕದಿಂದ ಜಗಲಿಗೆ ತರಿಸಿದಳು. "ಬೆಂಕಿ ತಾವ ಚಾರ್ಜಿಗೆ ಆಕ್ಬ್ಯಾಡಿ. ಅದ್ರಿಂದ ಬರೋ ಗ್ಯಾಸು ಅತ್ಕೊಂಡ್ಬುಡ್ತದೆ. ನೆರಳಲ್ಲಿ, ಗಾಳಿ ಆಡೋ ಕಡೆ ಇಕ್ಕಿ. ಲಕ್ಕಣ್ಣ, ಚಾರ್ಜು ತೋರ್ಸೋ ಮೀಟರು ಅರ್ಧಕ್ಕೆ ಇಳಿಯೋಕೆ ಮುಂಚೇನೇ ವಾಪಸ್ ತಿರುಗ್ಸು. ಬರ್ತಾ ಗಾಳಿ ಎದುರಾದ್ರೆ ಚಾರ್ಜು ಜಾಸ್ತಿ ಕುಡೀತದೆ."

"ನೋಡೇ ಬುಡಾನ" ಅಂದ ಲಕ್ಕಯ್ಯ. ನಂಬಿಕೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಚರ್ಚಿನವರೆಗೂ ಹೋಗಿ ಬಂದ. ಮೀಟರು ಇನ್ನೂ ಮುಕ್ಕಾಲು ತೋರಿಸುತ್ತಿತ್ತು. ದೋಣಿಯಿಂದ ಇಳಿಯಲೇ ಇಲ್ಲ. "ಬಾರೇ, ಅತ್ಕೊ!" ಅಂತ ದಡದಲ್ಲಿ ಕಾಯುತ್ತಿದ್ದ ಹೆಂಡತಿಯನ್ನು ಕೂಗಿದ.

"ನಾನಾ? ಇಬ್ರನ್ನ ಎಳೀತದಾ?"

"ಎಳೆಯೋದು ನನ್ನ ಭುಜ ಅಲ್ವಲ್ಲ, ಬಾ!"

ಅನಸೂಯಮ್ಮ ಲೈಫ್ ಜಾಕೆಟ್ ತೊಟ್ಟು, ಸೆರಗು ಸಿಕ್ಕಿಸಿ ಹತ್ತಿ ಕೂತಳು. ಲಕ್ಕಯ್ಯನ ಎಡಗೈ ಮೋಟರಿನ ಹಿಡಿಯ ಮೇಲೆ, ಬಲಗೈ ಸುಮ್ಮನೆ ತೊಡೆಯ ಮೇಲೆ. ಹಿನ್ನೀರು, ಚರ್ಚು, ಹಕ್ಕಿ ಏನನ್ನೂ ಅವಳು ನೋಡಲಿಲ್ಲ. ನೋವಿಲ್ಲದೆ ಮಲಗಿದ್ದ ಆ ಬಲಗೈಯನ್ನೇ ನೋಡುತ್ತಾ ನಕ್ಕಳು. ಲಕ್ಕಯ್ಯನೂ ನಕ್ಕ.

ದೋಣಿಗೆ ಬ್ಯಾಟರಿ ಹಾಕಿಸಿರುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ನಿಮ್ಮ ಬ್ಯಾಟರಿಯ ಗುಬುಟು ನೋಡಿ. ತಂತಿ ಬಿಚ್ಚಿ, ಒಣಗಿದ ಕೈಯಿಂದ, ಒಣಬಟ್ಟೆಯಲ್ಲಿ ಒರೆಸಿ ಬಿಗಿಯಾಗಿ ಸಿಗಿಸಿ. ದಡಕ್ಕೆ ಬಂದ ದಿನವೇ ಚಾರ್ಜಿಗೆ ಹಾಕಿ. ಹುಟ್ಟು, ಲೈಫ್ ಜಾಕೆಟ್ ಸದಾ ದೋಣಿಯಲ್ಲೇ ಇರಲಿ. ನಿಮ್ಮ ಭುಜಕ್ಕೂ ಒಂದಿಷ್ಟು ಬಿಡುವು ಕೊಡಿ, ಅದು ನಿಮಗಾಗಿ ಬಹಳ ದುಡಿದಿದೆ.