ವರಲಕ್ಷ್ಮಮ್ಮನ ಕಿವಿಯೂ ದವಡೆ ಹಲ್ಲೂ

ದಿಬ್ಬೂರಹಳ್ಳಿಯ ಹೆಂಗಸರ ಹಗ್ಗಜಗ್ಗಾಟದ ತಂಡ ಚಿಕ್ಕಬಳ್ಳಾಪುರದ ಜಿಲ್ಲಾ ಪಂದ್ಯಕ್ಕೆ ಹೊರಟಿದೆ ಅನ್ನೋ ಸುದ್ದಿ ಬಂದ ದಿನ ಊರಿಗೆ ಊರೇ ಕುಣಿದಾಡಿತು. ಸ್ವಸಹಾಯ ಸಂಘದ ಹೆಂಗಸರು ತಾಲ್ಲೂಕು ಗೆದ್ದದ್ದೇ ಮೊದಲ ಸಲ. ಈಗ ಎದುರಿಗೆ ನಿಲ್ಲುವವರು ತೊಂಡೇಬಾವಿಯವರು, ಹೋದ ವರ್ಷ ಜಿಲ್ಲೆಗೇ ಮೊದಲು ಬಂದವರು.

ನಮ್ಮ ತಂಡದ ಬಲವೆಲ್ಲ ಇದ್ದದ್ದು ಹಗ್ಗದ ತುದಿಯಲ್ಲಿ. ಅಲ್ಲಿ ನಿಲ್ಲುವವಳು ವರಲಕ್ಷ್ಮಮ್ಮ. ದಿನಾ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ರೇಷ್ಮೆಹುಳು ಸಾಕಿ ಗಟ್ಟಿಯಾದ ಮೈ ಅವಳದು. ಹಗ್ಗವನ್ನು ಬೆನ್ನಿಗೆ ಬಳಸಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಹಲ್ಲು ಕಚ್ಚಿ ಹಿಂದಕ್ಕೆ ವಾಲಿದಳೆಂದರೆ ಎದುರಿನವರ ಕಾಲು ಜಾರಲೇಬೇಕು.

ಆದರೆ ಕೆಲವು ದಿನಗಳಿಂದ ಅವಳಿಗೆ ಬಲಗಿವಿ ನೋವು. ಹಗಲು ಹೇಗೋ ಕಳೆಯುತ್ತಿತ್ತು. ತಲೆ ದಿಂಬಿಗೆ ತಾಗಿದರೆ ಸಾಕು, ಕಿವಿಯೊಳಗೆ ಯಾರೋ ಸೂಜಿ ಆಡಿಸಿದ ಹಾಗಾಗುತ್ತಿತ್ತು. ಪಕ್ಕದ ಮನೆಯ ರಾಮಲಕ್ಷ್ಮಮ್ಮ ಕಂಡಾಗಲೆಲ್ಲ, “ಏಮೇ, ಮಳ್ಳಾ ಚೆವಿ ನೊಪ್ಪಾ?”, ಮತ್ತೆ ಕಿವಿ ನೋವಾ ಎಂದು ತನ್ನ ತೆಲುಗಿನಲ್ಲಿ ವಿಚಾರಿಸಿ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಂದು ಬಿಡುತ್ತಿದ್ದಳು. ಎಣ್ಣೆ ಬಿಟ್ಟಷ್ಟು ಹೊತ್ತು ಬೆಚ್ಚಗಿರುತ್ತಿತ್ತು, ಆಮೇಲೆ ಮತ್ತದೇ. ವರಲಕ್ಷ್ಮಮ್ಮನ ತಾಯಿಗೆ ಕೊನೆಗಾಲದಲ್ಲಿ ಒಂದು ಕಿವಿ ಕೇಳಿಸುತ್ತಿರಲಿಲ್ಲ. ತನಗೂ ಹಾಗೇ ಆಗಿಬಿಡುತ್ತದೇನೋ ಎಂಬ ದಿಗಿಲು ಅವಳಿಗೆ. ಹೇಳಿದರೆ ತಂಡದಿಂದ ಬಿಡಿಸಿಬಿಟ್ಟಾರೆಂದು ತಂಡದ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಹಲ್ಲಿನ ಯೋಚನೆ ಅವಳಿಗೆ ಬರಲೇ ಇಲ್ಲ. ಬಲಗಡೆ ಕೆಳದವಡೆಯ ಹಲ್ಲೊಂದು ತೂತಾಗಿ ಎಷ್ಟೋ ಕಾಲವಾಗಿತ್ತು. ತಣ್ಣೀರು ಸೋಕಿದರೆ ಜುಮ್ಮೆನ್ನುತ್ತಿತ್ತು, ಅವಳು ಎಡಗಡೆಯಿಂದ ಕುಡಿಯುತ್ತಿದ್ದಳು. ಇನ್ನು ಊಟವೋ, ಎರಡು ಹೊತ್ತೂ ರಾಗಿಮುದ್ದೆ. ಮುದ್ದೆಯನ್ನು ನುಂಗುತ್ತಾರೆಯೇ ಹೊರತು ಯಾರಾದರೂ ಅಗಿಯುತ್ತಾರೆಯೇ?

ಒಂದು ಸಂಜೆ ಶಾಲೆಯ ಬಯಲಿನಲ್ಲಿ ಅಭ್ಯಾಸ ಜೋರಾಗಿ ನಡೆದಿತ್ತು. ಊರಿನ ಗಂಡಸರನ್ನೇ ಎದುರಿಗೆ ನಿಲ್ಲಿಸಿದ್ದರು. ತರಬೇತಿ ಕೊಡುತ್ತಿದ್ದವರು ಹೈಸ್ಕೂಲಿನ ದೈಹಿಕ ಶಿಕ್ಷಕಿ ಪ್ರಿಯಂವದಾ. ಸೀಟಿ ಊದಿದರು. ಹೆಂಗಸರು ಎಳೆದರು, ಗಂಡಸರು ಜರುಗಿದರು, ಸುತ್ತ ನಿಂತವರ ಕೂಗು ಮುಗಿಲು ಮುಟ್ಟಿತು. ಇನ್ನೊಂದು ಎಳೆತ ಎಂದು ವರಲಕ್ಷ್ಮಮ್ಮ ಹಲ್ಲು ಕಚ್ಚಿದಳು. ಮರುಗಳಿಗೆಯಲ್ಲೇ ಹಗ್ಗ ಬಿಟ್ಟು ಕಿವಿ ಹಿಡಿದು ಕುಳಿತುಬಿಟ್ಟಳು. ಮುಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಮುಗ್ಗರಿಸಿದರು.

ಪ್ರಿಯಂವದಾ ಓಡಿಬಂದರು. ದವಡೆಯ ಹತ್ತಿರ ಸಣ್ಣಗೆ ಊದಿದ್ದೂ ಕಿವಿಯಿಂದ ಇಳಿದ ಎಣ್ಣೆಯೂ ಅವರ ಕಣ್ಣಿಗೆ ಬಿದ್ದವು.

“ವರಲಕ್ಷ್ಮಮ್ಮ, ಹಲ್ಲು ಕಚ್ಚಿದಾಗಲೇ ಅಲ್ವಾ ನೀವು ಕಿವಿ ಹಿಡ್ಕೊಂಡಿದ್ದು?”

“ಹೌದು ಮೇಡಂ. ಆದ್ರೆ ನೋವಿರೋದು ಕಿವಿಯಾಗೆ. ಹಲ್ಲೇನೂ ನೋಯ್ತಾ ಇಲ್ಲ.”

“ಅದನ್ನ ಡಾಕ್ಟ್ರು ಹೇಳ್ಲಿ. ನಾಳೆ ಬೆಳಿಗ್ಗೆ ಶಿಡ್ಲಘಟ್ಟಕ್ಕೆ ಹೋಗಣ. ಕಿವಿಗೆ ಎಣ್ಣೆ ಮಾತ್ರ ಇನ್ನು ಒಂದು ತೊಟ್ಟೂ ಬಿಡಬೇಡಿ.”

ಮಾರನೆಯ ದಿನ ಗಂಡ ಮುನಿವೆಂಕಟಪ್ಪನೂ ಜೊತೆಗೆ ಹೊರಟ. ಆಸ್ಪತ್ರೆಯಲ್ಲಿ ಕಿವಿ ಡಾಕ್ಟರು ಎರಡೂ ಕಿವಿಗೆ ಬೆಳಕು ಬಿಟ್ಟು ನೋಡಿದರು. ಕೀವಿಲ್ಲ, ಗಾಯವಿಲ್ಲ, ಕಿವಿಯ ತಮಟೆ ಚೆನ್ನಾಗಿದೆ ಎಂದರು. ಆಮೇಲೆ ಬಾಯಿ ತೆರೆಸಿ ನೋಡಿ, ಪಕ್ಕದ ಕೋಣೆಯ ದಂತವೈದ್ಯೆ ಸಂಹಿತಾ ಅವರ ಬಳಿ ಕಳಿಸಿದರು.

ಮುನಿವೆಂಕಟಪ್ಪನಿಗೆ ಅಲ್ಲೇ ಸಿಟ್ಟು ಬಂತು. ಕಿವಿ ತೋರಿಸಲು ಬಂದರೆ ಹಲ್ಲಿನವರ ಹತ್ತಿರ ಯಾಕೆ ಕಳಿಸುತ್ತಾರೆ ಎಂದು ಗೊಣಗಿದ. “ಬ್ಯಾಡ ಕಣೆ, ಎದ್ದು ಬಾ. ಹಲ್ಲಿಗೆ ಕೈ ಹಾಕಿದ್ರೆ ಕಣ್ಣು ಮಂಜಾಗ್ತದೆ ಅಂತಾರೆ. ಕಿವಿ ಜೊತೆಗೆ ಕಣ್ಣೂ ಹೋದ್ರೆ ಏನು ಮಾಡಾಣ?”

ಸಂಹಿತಾ ಸಿಡುಕಲಿಲ್ಲ. ಹಲ್ಲಿನ ಚಿಕಿತ್ಸೆಯಿಂದ ಕಣ್ಣಿನ ದೃಷ್ಟಿ ಹೋಗುವುದಿಲ್ಲ, ಅದು ಬರೀ ಹೆದರಿಕೆಯ ಮಾತು ಎಂದು ತಿಳಿಸಿ, ಅವನನ್ನೂ ಕುರ್ಚಿಯ ಪಕ್ಕಕ್ಕೆ ಕರೆದರು. ಸಣ್ಣದೊಂದು ಸಲಕರಣೆಯ ಹಿಡಿಯಿಂದ ಎಡಗಡೆಯ ಹಲ್ಲನ್ನು ಮೆಲ್ಲಗೆ ತಟ್ಟಿದರು. ಏನೂ ಆಗಲಿಲ್ಲ. ಬಲಗಡೆಯ ತೂತು ಹಲ್ಲನ್ನು ತಟ್ಟಿದರು. ವರಲಕ್ಷ್ಮಮ್ಮನ ಕೈ ತಾನಾಗಿ ಕಿವಿಗೆ ಹೋಯಿತು. ಮುನಿವೆಂಕಟಪ್ಪ ಕಣ್ಣರಳಿಸಿ ನಿಂತ.

“ನೋಡಿ ಅಪ್ಪ,” ಎಂದರು ಡಾಕ್ಟರು, “ಕೆಳಗಿನ ದವಡೆಗೂ ಕಿವಿ ಹತ್ತಿರದ ಜಾಗಕ್ಕೂ ಒಂದೇ ನರದ ಕವಲು ಬರುತ್ತೆ. ಈ ಹಲ್ಲಿನ ಹುಳುಕು ಒಳಗಿನ ತಿರುಳಿಗೆ ಇಳಿದು ಬೇರಲ್ಲಿ ಕೀವಾಗಿದೆ. ಕೂಗ್ತಿರೋದು ಹಲ್ಲು. ಮಿದುಳಿಗೆ ಅದು ಕಿವಿ ಕೂಗಿದ ಹಾಗೆ ಕೇಳಿಸ್ತಿದೆ.”

ಎಕ್ಸ್‌ರೇಯಲ್ಲೂ ಅದೇ ಕಾಣಿಸಿತು. ಹಲ್ಲು ಕೀಳಬೇಕಾಗಿಲ್ಲ, ಒಳಗಿನ ಕೊಳೆ ತೆಗೆದು ಬೇರಿನ ನಾಳ ತುಂಬಿಸಿ ಉಳಿಸಿಕೊಳ್ಳಬಹುದು ಎಂದು ಸಂಹಿತಾ ಹೇಳಿದರು. ಇನ್ನಷ್ಟು ತಡಮಾಡಿದ್ದರೆ ಬಾವು ಕುತ್ತಿಗೆಗೆ ಇಳಿದು ಜೀವಕ್ಕೇ ಅಪಾಯ ಬರಬಹುದಿತ್ತು ಎಂದೂ ಹೇಳಿದರು. ದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ತುಟಿ ಜೋಮು ಹಿಡಿಯಿತು. ಹಾಗೇ ನೋಡನೋಡುತ್ತಿದ್ದಂತೆ ಕಿವಿಯ ನೋವೂ ಇಳಿದುಹೋಯಿತು.

ವರಲಕ್ಷ್ಮಮ್ಮ ಕಿವಿ ಒತ್ತಿ ನೋಡಿಕೊಂಡಳು, ಎಳೆದು ನೋಡಿಕೊಂಡಳು. ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. “ಏನ್ರೀ, ಬಾಯಿಗೆ ಸೂಜಿ ಹಾಕಿದ್ರು, ಕಿವಿ ನೋವು ಹೋಯ್ತು,” ಎಂದು ತೊದಲಿದಳು. ಕಿವುಡಿಯಾಗುತ್ತೇನೆಂಬ ದಿಗಿಲು ಆ ಕುರ್ಚಿಯಲ್ಲೇ ಕಳಚಿ ಬಿತ್ತು.

ಅಂದು ಹಲ್ಲು ಶುಚಿ ಮಾಡಿ ಔಷಧಿ ತುಂಬಿದರು. ಊತ ಇಳಿಯಿತು, ನಿದ್ದೆ ಬಂತು. ಮತ್ತೆ ಹೋದಾಗ ನಾಳ ತುಂಬಿಸಿದರು. ಹಲ್ಲು ಒಡೆಯದಂತೆ ಅದರ ಮೇಲೆ ಟೋಪಿಯಂಥ ಕವಚ ಹಾಕಿಸುವುದು ಬಾಕಿ ಇತ್ತು. ಪಂದ್ಯಕ್ಕೆ ಹೋಗಬಹುದೇ ಎಂದು ಅವಳು ಅಂಜುತ್ತಲೇ ಕೇಳಿದಳು. ಹೋಗಿ, ಆದರೆ ಹಲ್ಲು ಕಚ್ಚಬೇಡಿ, ಬಾಯಿ ತೆರೆದು ಕೂಗಿ ಎಳೆಯಿರಿ ಎಂದರು ಡಾಕ್ಟರು.

ಚಿಕ್ಕಬಳ್ಳಾಪುರದ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸುತ್ತು ತೊಂಡೇಬಾವಿಯವರದಾಯಿತು, ಎರಡನೆಯದು ನಮ್ಮವರದು. ಕೊನೆಯ ಸುತ್ತಿನಲ್ಲಿ ಹಗ್ಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ವರಲಕ್ಷ್ಮಮ್ಮ ಬಾಯಿ ತುಂಬ “ಐಸಾ” ಎಂದು ಕೂಗಿದಳು. ಮುಂದಿನವರೆಲ್ಲ ದನಿಗೂಡಿಸಿದರು. ಕೂಗಿಗೆ ಒಂದೊಂದು ಗೇಣಿನಂತೆ ಹಗ್ಗ ಹಿಂದೆ ಬಂತು, ನಡುವಿನ ಕೆಂಪು ಬಟ್ಟೆ ಗೆರೆ ದಾಟಿತು. ಪ್ರಿಯಂವದಾ ಮೇಡಂ ಸೀಟಿ ಎಸೆದು ತಾವೇ ಕುಣಿದರು.

ಆ ವಾರ ಮುನಿವೆಂಕಟಪ್ಪ ಯಾರೂ ಹೇಳದೆಯೇ ಬೈಕ್ ಒರೆಸುತ್ತ, “ನಿಂಗೆ ಕವಚ ಹಾಕಿಸಕ್ಕೆ ಯಾವಾಗ ಹೋಗಬೇಕು?” ಎಂದು ಕೇಳಿದ. ಅವನ ಮೇಲ್ದವಡೆಯ ಹಲ್ಲೂ ಬಹಳ ದಿನದಿಂದ ಲವಂಗದ ಮೇಲೆಯೇ ಕಾಲ ತಳ್ಳುತ್ತಿತ್ತಂತೆ. ರಾಮಲಕ್ಷ್ಮಮ್ಮನೂ ತನ್ನ ಹಲ್ಲು ತೋರಿಸಬೇಕೆಂದು ಬಸ್ಸಿಗೆ ಹೊರಟು ನಿಂತಳು.

ಅಕ್ಕಂದಿರೇ, ಅಣ್ಣಂದಿರೇ, ಕಿವಿ ನೋವೆಲ್ಲ ಹಲ್ಲಿನಿಂದಲೇ ಬರುವುದಿಲ್ಲ, ಹಾಗಾಗಿ ಮೊದಲು ಕಿವಿ ತೋರಿಸಿ. ಕಿವಿ ಸರಿಯಾಗಿದೆ ಎಂದರೂ ನೋವು ಬಿಡದಿದ್ದರೆ, ಅಗಿಯುವಾಗ ಹೆಚ್ಚಾದರೆ, ಹಲ್ಲಿನ ಡಾಕ್ಟರ ಬಳಿ ಹೋಗಿ. ಎಣ್ಣೆ, ರಸ, ಕಡ್ಡಿ ಯಾವುದನ್ನೂ ಕಿವಿಗೆ ಹಾಕಬೇಡಿ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅಂದೇ ಆಸ್ಪತ್ರೆ ಸೇರಿ. ಹೊಗೆಸೊಪ್ಪು ಹಾಕುವವರಿಗೆ ಬಾಯಿಯ ಹುಣ್ಣು ಮಾಯದೆ ಕಿವಿ ನೋಯುತ್ತಿದ್ದರಂತೂ ಕಾಯಲೇಬೇಡಿ, ಅದು ಬಾಯಿಯ ಕ್ಯಾನ್ಸರ್ ಇರಬಹುದು. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಹಲ್ಲುಜ್ಜಿ. ಇವತ್ತು ಮನೆಯಲ್ಲಿ ಎಲ್ಲರೂ ಕುಳಿತಾಗ ಒಬ್ಬರ ಬಾಯಿ ಇನ್ನೊಬ್ಬರು ನೋಡಿ. ಕಪ್ಪಾದ ಹಲ್ಲೊಂದು ಕಂಡರೆ, ಅದು ಕೂಗುವ ತನಕ ಕಾಯದೆ ನಾಳೆಯೇ ಹೊರಡಿ.